ಪದಗಳ ಅಂತ್ಯಾಕ್ಷರಿ: ‘ಳ’ ಬಂದರೆ ಏನು ಮಾಡಬೇಕು?

ಬೇಸಿಗೆ ರಜೆ ಬಂತೆಂದರೆ ಬೆಳಗಾವಿಯ ನಮ್ಮ ಮನೆಯ ಪಡಸಾಲೆಯಲ್ಲಿ ಐದಾರು ಮಕ್ಕಳು ಸೇರುತ್ತಾರೆ. ವಿಜಯಪುರದಿಂದ ತಂಗಿಯ ಮಕ್ಕಳಿಬ್ಬರು, ಬೆಂಗಳೂರಿನಿಂದ ತಮ್ಮನ ಮಗ, ಜೊತೆಗೆ ಪಕ್ಕದ ಮನೆಯ ಹುಡುಗಿ. ಸಂಜೆ ಕರೆಂಟು ಹೋದರೆ ಆಡುವುದು ಪದಗಳ ಅಂತ್ಯಾಕ್ಷರಿ. ಒಬ್ಬರು ‘ಮರ’ ಅಂದರೆ ಮುಂದಿನವರು ‘ರ’ ಹಿಡಿದು ‘ರೊಟ್ಟಿ’ ಅನ್ನಬೇಕು, ಅವರ ಮಗ್ಗುಲಿನವರು ‘ಟ’ ಹಿಡಿದು ‘ಟಗರು’ ಅನ್ನಬೇಕು. ಇದಕ್ಕೆ ಕಾಸಿನ ಖರ್ಚಿಲ್ಲ. ಆದರೆ ನಿಯಮಗಳನ್ನು ಮೊದಲೇ ಮಾತಾಡಿಕೊಳ್ಳದಿದ್ದರೆ ಹತ್ತನೇ ಶಬ್ದ ಬರುವಷ್ಟರಲ್ಲಿ ಜಗಳ ಗ್ಯಾರಂಟಿ. ವರ್ಷಗಟ್ಟಲೆ ಈ ಜಗಳ ಬಿಡಿಸಿದ ಮೇಲೆ ನಮ್ಮಲ್ಲಿ ಒಂದು ಪದ್ಧತಿ ಕೂತಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅಕ್ಷರವೋ, ಕಾಗುಣಿತವೋ?

ಆಟ ಶುರುವಾಗುವ ಮುಂಚೆ ಇದೊಂದನ್ನು ತೀರ್ಮಾನಿಸಲೇಬೇಕು. ‘ಕಾಲು’ ಎಂದು ಒಬ್ಬರು ಹೇಳಿದರೆ ಮುಂದಿನವರು ‘ಲು’ವಿನಿಂದಲೇ ಶುರು ಮಾಡಬೇಕೋ, ‘ಲ’ ಸಾಕೋ? ‘ಲು’ವೇ ಬೇಕೆಂದರೆ ಲುಂಗಿ, ಲುಕ್ಸಾನ ಎರಡು ಮುಗಿದ ಮೇಲೆ ತಲೆ ಕೆರೆದುಕೊಳ್ಳುವ ಪಾಳಿ. ‘ಲ’ ಸಾಕೆಂದರೆ ಲಗ್ನ, ಲೆಕ್ಕ, ಲಾಟೀನು, ಲೋಟ ಎಲ್ಲ ಸಿಗುತ್ತವೆ.

ಕನ್ನಡದಲ್ಲಿ ‘ಉ’ಕಾರದಿಂದ ಮುಗಿಯುವ ಮಾತು ಅಷ್ಟೊಂದು ಯಾಕೆ? ಮುಧೋಳದ ರನ್ನ ಕಾವ್ಯ ಬರೆದ 10ನೇ ಶತಮಾನದಲ್ಲಿ ಇಂಥ ಶಬ್ದ ಕಾಲ್, ಕಣ್, ಮಣ್ ಎಂದಿದ್ದವು. ವ್ಯಂಜನಕ್ಕೆ ನಿಂತಿದ್ದ ಮಾತಿಗೆ ಆಮೇಲಿನ ಕನ್ನಡ ಒಂದು ‘ಉ’ ಸೇರಿಸಿ ಕಾಲು, ಕಣ್ಣು, ಮಣ್ಣು ಮಾಡಿತು. ‘ಕಾಲ್ನಡಿಗೆ’ಯಲ್ಲಿ ಆ ಹಳೆಯ ರೂಪ ಇನ್ನೂ ಉಳಿದಿದೆ. ಈಗಲೂ ಹೊರಗಿನಿಂದ ಬಂದದ್ದಕ್ಕೆಲ್ಲ ನಾವು ಹೀಗೇ ಬಾಲ ಕಟ್ಟುತ್ತೇವೆ: ಬಸ್ಸು, ಕಾರು, ಬಲ್ಬು. ಹಾಗಾಗಿ ಕಾಗುಣಿತ ಹಿಡಿದು ಆಡಿದರೆ ಸರಪಳಿ ಬೇಗ ಹರಿಯುತ್ತದೆ.

ವ್ಯಂಜನವಷ್ಟೇ ಸಾಕೆಂಬ ನಿಯಮಕ್ಕೆ ಇನ್ನೊಂದು ಲಾಭವಿದೆ. ಬೆಂಗಳೂರಿನ ಹುಡುಗ ‘ಮನೆ’ ಅನ್ನುತ್ತಾನೆ, ವಿಜಯಪುರದವರು ‘ಮನಿ’ ಅನ್ನುತ್ತಾರೆ. ಯಾರು ಹೇಗೆ ಅಂದರೂ ಮುಂದಿನವರಿಗೆ ಸಿಗುವುದು ‘ನ’. ಎಷ್ಟೋ ವಾದ ಅಲ್ಲಿಗೇ ತಣ್ಣಗಾಗುತ್ತದೆ.

ಒತ್ತಕ್ಷರ ಬಂದರೆ ಕಡೆಗೆ ಕೇಳುವ ವ್ಯಂಜನ ಹಿಡಿಯಿರಿ: ‘ಚಂದ್ರ’ಕ್ಕೆ ರ, ‘ಹಬ್ಬ’ಕ್ಕೆ ಬ. ಶ, ಷ, ಸ ಮೂರನ್ನೂ ಒಂದೇ ಮನೆಯವರೆಂದು ಎಣಿಸಿ. ಮಹಾಪ್ರಾಣಕ್ಕೆ ಅಲ್ಪಪ್ರಾಣ ನಡೆಯುತ್ತದೆ.

‘ಳ’ ಮತ್ತು ‘ಣ’ದ ತಕರಾರು

ಆಟದ ನಿಜವಾದ ಗಂಟು ಇಲ್ಲಿದೆ. ವರ್ಣಮಾಲೆಯ 49 ಅಕ್ಷರಗಳಲ್ಲಿ ‘ಳ’ದಿಂದ ಶುರುವಾಗುವ ಕನ್ನಡ ಶಬ್ದವೇ ಇಲ್ಲ. ಮುಗಿಯುವ ಶಬ್ದಗಳೋ ಬುಟ್ಟಿಗಟ್ಟಲೆ: ಕಾಳು, ಕೋಳಿ, ಮುಳ್ಳು, ಹಳ್ಳ, ಆಕಳು. ಜಪಾನಿನ ಮಕ್ಕಳು ಇಂಥದ್ದೇ ಆಟ ಆಡುತ್ತಾರೆ, ಹೆಸರು ಶಿರಿತೋರಿ. ಅಲ್ಲಿ ‘ನ್’ ಎಂಬ ಅಕ್ಷರದಿಂದ ಯಾವ ಮಾತೂ ಶುರುವಾಗುವುದಿಲ್ಲ, ಅದರಿಂದ ಮುಗಿಯುವ ಶಬ್ದ ಹೇಳಿದವರು ಸೋತಂತೆ. ಅದೇ ಶಿಕ್ಷೆಯನ್ನು ಇಲ್ಲಿ ತಂದರೆ ‘ಕಾಳು’, ‘ಕೋಳಿ’ ಅಂದವರೆಲ್ಲ ಸೋಲಬೇಕಾಗುತ್ತದೆ. ಊಟಕ್ಕೆ ಬೇಕಾದ ಮಾತುಗಳನ್ನೇ ಹೊರಗಿಟ್ಟು ಕನ್ನಡದ ಆಟ ಆಡುವುದು ನನಗೆ ಒಪ್ಪಿಗೆಯಿಲ್ಲ.

ಕೆಲವರ ಮನೆಯಲ್ಲಿ ‘ಳ’ಕ್ಕೆ ಲ, ‘ಣ’ಕ್ಕೆ ನ ಎಂದು ಬದಲಿ ಕೊಡುತ್ತಾರೆ. ನಮ್ಮದು ಬೇರೆ. ಈ ಆಟದಲ್ಲಿ ಸ್ವರದಿಂದ ಶುರುವಾಗುವ ಶಬ್ದಗಳಿಗೆ ಪಾಳಿಯೇ ಬರುವುದಿಲ್ಲ ಎಂಬುದನ್ನು ಗಮನಿಸಿದ್ದೀರಾ? ಮಾತಿನ ಕೊನೆಗೆ ಯಾವಾಗಲೂ ಒಂದು ವ್ಯಂಜನ ಇದ್ದೇ ಇರುತ್ತದೆ. ಅಪ್ಪ, ಅವ್ವ, ಊರು, ಉಪ್ಪು, ಎತ್ತು, ಇಲಿ ಎಲ್ಲ ಹೊರಗೇ ನಿಲ್ಲುತ್ತವೆ. ಅದಕ್ಕೆ ಳ, ಣ ಬಂದಾಗ ಅದರ ಸ್ವರ ಹಿಡಿಯಿರಿ. ‘ಕೋಳಿ’ಗೆ ಇ, ‘ಕಾಳು’ಗೆ ಉ, ‘ಹಳ್ಳ’ಕ್ಕೆ ಅ. ಮುಚ್ಚಿದ ಬಾಗಿಲಿನಿಂದಲೇ ಅಪ್ಪ, ಅವ್ವ ಒಳಗೆ ಬರುತ್ತಾರೆ.

‘ಮಳೆ’ ಬಂದಾಗ ಮಾತ್ರ ಎಚ್ಚರ. ಪುಸ್ತಕದಲ್ಲಿ ಮಳೆ, ನಮ್ಮ ಬಾಯಲ್ಲಿ ಮಳಿ. ‘ಎ’ ಹಿಡಿಯಬೇಕೋ ‘ಇ’ ಹಿಡಿಯಬೇಕೋ? ಎರಡೂ ಸರಿ, ಆದರೆ ಒಂದು ಆಟಕ್ಕೆ ಒಂದೇ ಬಾಯಿ. ‘ಮಳಿ’ ಅಂದವನು ಆಮೇಲೆ ಅನುಕೂಲ ನೋಡಿಕೊಂಡು ‘ಹೊಳೆ’ ಅನ್ನುವಂತಿಲ್ಲ, ‘ಹೊಳಿ’ ಅಂತಲೇ ಅನ್ನಬೇಕು.

‘ಣ’ ಪೂರ್ತಿ ಮುಚ್ಚಿದ ಬಾಗಿಲಲ್ಲ ಎಂದು ಕಲಿಸಿದ್ದು ಪಕ್ಕದ ಮನೆಯ ಹುಡುಗಿ. ಜೈನರ ಮನೆಯವಳು. ‘ಬಣ್ಣ’ ಅಂದದ್ದಕ್ಕೆ ತಡವರಿಸದೆ ‘ಣಮೋಕಾರ’ ಅಂದಳು. ಎಲ್ಲರೂ ಸುಮ್ಮನಾದರು. ‘ಣಮೋ ಅರಿಹಂತಾಣಂ’ ಎಂದು ಶುರುವಾಗುವ ಮಂತ್ರ, ಭಾಷೆ ಪ್ರಾಕೃತ. “ಅದು ಕನ್ನಡಾನಾ ದೊಡ್ಡಪ್ಪಾ?” ಎಂದು ಬೆಂಗಳೂರಿನವನು ನನ್ನ ಮುಖ ನೋಡಿದ. ಅವಳು, “ನಾವು ದಿನಾ ಮುಂಜಾನೆ ಣಮೋಕಾರ ಹೇಳೇ ಚಹಾ ಕುಡಿಯೂದು” ಅಂದಳು. ಒಪ್ಪಿದೆವು. ಯಾಕೆ ಒಪ್ಪಿದೆವು ಎಂಬುದು ಮುಂದಿನ ನಿಯಮ.

ಯಾವ ಶಬ್ದ ನಡೆಯುತ್ತದೆ?

ನಮ್ಮಲ್ಲಿ ಪರೀಕ್ಷೆ ಒಂದೇ: ಆ ಶಬ್ದವನ್ನು ಒಂದು ವಾಕ್ಯದಲ್ಲಿ ಇಟ್ಟು ಹೇಳು. ಕೂತವರಲ್ಲಿ ಹೇಳಿದವರನ್ನು ಬಿಟ್ಟು ಇನ್ನೊಬ್ಬರಾದರೂ “ಹೌದು, ಹಂಗ ಅಂತಾರ” ಅಂದರೆ ಶಬ್ದ ಪಾಸು. ನಿಘಂಟು ಬೇಡವೆಂದಲ್ಲ. ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದದ್ದು, ಇಂದಿಗೂ ತೆಗೆದು ನೋಡುವಂಥದ್ದು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಎಂಟು ಸಂಪುಟದಷ್ಟಿದೆ. ಆದರೆ ಕತ್ತಲ ಪಡಸಾಲೆಯಲ್ಲಿ ಎಂಟು ಸಂಪುಟ ಎಲ್ಲಿಂದ ತರುವುದು? ಅಲ್ಲದೆ ಕಿಟ್ಟೆಲ್ಲರಿಗೆ ಮೊಬೈಲು ಗೊತ್ತಿರಲಿಲ್ಲ.

ಹೋದ ವರ್ಷದ ಒಂದು ತಕರಾರು ಹೇಳುತ್ತೇನೆ. ‘ಬೀಗ’ ಅಂದದ್ದಕ್ಕೆ ತಂಗಿಯ ಮಗಳು ‘ಗಿಣ್ಣ’ ಅಂದಳು. ಬೆಂಗಳೂರಿನವನು ಎದ್ದೇ ನಿಂತ: “ಹಣ್ಣುಗಿಣ್ಣು ಅಂತಾರಲ್ಲ, ಆ ಗಿಣ್ಣಾ? ಹಂಗಾದ್ರೆ ನಾನೂ ಗಿನೆ, ಗಿಟ್ಟೆ ಅಂತೀನಿ!” ಅವನ ತರ್ಕ ತಪ್ಪಲ್ಲ. ಜೋಡಿ ಮಾತಿನ ‘ಗಿ’ ಬಾಲವನ್ನು ನಾವೂ ಒಪ್ಪುವುದಿಲ್ಲ, ಒಪ್ಪಿದರೆ ಪ್ರತಿ ಶಬ್ದಕ್ಕೂ ಒಂದು ‘ಗಿ’ ಹುಟ್ಟುತ್ತದೆ. ವಾಕ್ಯ ಹೇಳು ಎಂದೆ. “ನಮ್ಮ ಎಮ್ಮಿ ಈದಾಗ ಅವ್ವ ಗಿಣ್ಣ ಮಾಡಿ ಓಣಿಗೆಲ್ಲ ಹಂಚಿದ್ಲು” ಅಂದಳು. ಮೂಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ನಮ್ಮ ಅವ್ವ ಮೊರ ಕೆಳಗಿಟ್ಟು ಹೇಳಿದಳು: “ಈದ ಮ್ಯಾಲ ಮೊದಲಿನ ಹಾಲು ದಪ್ಪ ಇರ್ತದಪಾ. ಅದಕ್ಕ ಬೆಲ್ಲಾ, ಯಾಲಕ್ಕಿ ಹಾಕಿ ಬೇಯಿಸಿದ್ರ ಗಟ್ಟಿ ಆಗ್ತದ. ನಿಮ್ಮಪ್ಪ ಸಣ್ಣಾಂವ ಇದ್ದಾಗ ತಾಟ ನೆಕ್ಕತಿದ್ದ.” ಹುಡುಗ ಕೂತ. ಆಮೇಲೆ ಅರ್ಧ ತಾಸು ಆಟ ನಿಂತಿತು, ಅಪ್ಪ ಮತ್ತೇನೇನು ತಿನ್ನುತ್ತಿದ್ದ ಎಂಬ ಮಾತೇ ನಡೆಯಿತು.

ಎರವಲು ಶಬ್ದಕ್ಕೂ ಇದೇ ಪರೀಕ್ಷೆ. ವಿಜಯಪುರವನ್ನು ಆದಿಲಶಾಹಿಗಳು 1490ರಿಂದ 1686ರವರೆಗೆ ಆಳಿದರು. ಕಾಗದ, ಜಮೀನು, ಕುರ್ಚಿ, ಸರಕಾರ ಪಾರ್ಸಿ, ಅರಬ್ಬಿ ಕಡೆಯಿಂದ ಬಂದು ನಮ್ಮವಾಗಿವೆ. ಪೇಟೆಯಲ್ಲಿ ಕೊಳ್ಳುವ ಬಟಾಟಿ ಪೋರ್ಚುಗೀಸರ ಮಾತು. ದವಾಖಾನಿ, ಝುಣಕ, ಛತ್ರಿ ಎಲ್ಲವನ್ನೂ ಒಪ್ಪಿ. ಇವುಗಳನ್ನು ತೆಗೆದರೆ ಮಕ್ಕಳು ದಿನಾ ಆಡುವ ಮಾತನ್ನೇ ತಪ್ಪು ಅಂದಂತೆ, ಅದು ನನಗೆ ಸೇರುವುದಿಲ್ಲ.

ಬೇಡವೆಂದು ಗಟ್ಟಿಯಾಗಿ ಹೇಳಬೇಕಾದದ್ದು ಎರಡು. ಬಹುವಚನ ಬೇಡ, ಯಾವ ಶಬ್ದಕ್ಕಾದರೂ ‘ಗಳು’ ಹಚ್ಚಿ ಎದುರಿನವರಿಗೆ ‘ಳ’ ಕೊಟ್ಟು ಕೂರುತ್ತಾರೆ. ವಿಭಕ್ತಿ ಪ್ರತ್ಯಯ, ಕ್ರಿಯಾಪದದ ರೂಪಗಳೂ ಬೇಡ. ‘ಮಾಡು’ ನಡೆಯುತ್ತದೆ, ಮಾಡಿದ, ಮಾಡಲಿಲ್ಲ, ಮಾಡಿಸಿದರು ನಡೆಯುವುದಿಲ್ಲ. ಇವಕ್ಕೆ ಅವಕಾಶ ಕೊಟ್ಟರೆ ಯಾರೂ ಸೋಲುವುದೇ ಇಲ್ಲ.

ಉಳಿದದ್ದು ಸಣ್ಣದು. ಹತ್ತು ಎಣಿಸುವುದರೊಳಗೆ ಹೇಳಬೇಕು, ಒಮ್ಮೆ ಬಂದ ಶಬ್ದ ಮತ್ತೆ ಬೇಡ, ಮೂರು ಸಲ ತಪ್ಪಿದರೆ ಔಟು. ಅತಿ ಚಿಕ್ಕವರಿಗೆ ಇಪ್ಪತ್ತರವರೆಗೆ ಎಣಿಸಿ.

ಊರುಗಳ ಆಟ

ಹೆಸರುಗಳನ್ನು ಇದರಲ್ಲಿ ಬೆರೆಸಬೇಡಿ, ಅವುಗಳಿಗೆ ಬೇರೆ ಆಟವಿರಲಿ. ಊರು, ನದಿ ಮಾತ್ರ. 2014ರ ನವೆಂಬರ್ 1ರಂದು ಬೆಳಗಾಂ ಬೆಳಗಾವಿಯಾದ ಮೇಲೆ ನಮ್ಮೂರಿನ ಕೊನೆಯ ಅಕ್ಷರವೂ ಬದಲಾಯಿತು; ಹಿರಿಯರು ಹಳೆಯ ಹೆಸರು ಹೇಳಿದರೆ ‘ಮ’ ಕೊಡಿ. ನಾವು ಈ ರಜೆಯಲ್ಲಿ ಆಡಿದ ಅತಿ ಉದ್ದದ ಸಾಲು ಇದು: ಬೆಳಗಾವಿ, ವಿಜಯಪುರ, ರಾಯಬಾಗ, ಗೋಕಾಕ, ಕಾಗವಾಡ, ಡೋಣಿ, ಇಳಕಲ್ಲು, ಲೋಕಾಪುರ, ರಾಮದುರ್ಗ, ಗುಳೇದಗುಡ್ಡ, ಡಂಬಳ, ಅಥಣಿ, ಇಂಡಿ. ಡೋಣಿಯೂ ಡಂಬಳವೂ ಆಗಲೇ ಮುಗಿದಿದ್ದವು. ತಂಗಿಯ ಮಗ ಎಂಟರವರೆಗೆ ಎಣಿಸಿದ್ದ, ಅಷ್ಟರಲ್ಲಿ ಕರೆಂಟು ಬಂತು.