ಚೆನ್ನೆಮಣೆ ಹಿಡಿದು ಕಾಲೇಜುಗಳಿಗೆ ಹೋದದ್ದು: ನನ್ನ ಅನುಭವ

‘ಗಣಿತಕ್ಕೆ ಹೀಗೂ ಒಂದು ಬೇಸಿಗೆ ಶಿಬಿರ ಉಂಟಾ ಮೇಡಂ? ನಮಗೆ ಯಾರೂ ಹೇಳಲೇ ಇಲ್ಲ.’ ಮಂಗಳೂರಿನಲ್ಲಿ ಗಣಿತ ಎಂಎಸ್ಸಿಗೆ ಸೇರಿದ ಮಕ್ಕಳಿಂದ ಈ ಮಾತನ್ನು ಪ್ರತಿ ವರ್ಷ ಕೇಳುತ್ತಿದ್ದೆ. ಎಲ್ಲರೂ ಜಾಣರೇ. ಆದರೆ ಬಿಎಸ್ಸಿಯ ಬೇಸಿಗೆ ರಜೆಗಳೆಲ್ಲ ಆಗಲೇ ಕಳೆದುಹೋಗಿರುತ್ತಿದ್ದವು. ಹಾಗಾಗಿ ಅವರು ನಮ್ಮ ವಿಭಾಗಕ್ಕೆ ಬರುವವರೆಗೆ ಕಾಯುವುದು ಬೇಡ, ಡಿಗ್ರಿ ಕಾಲೇಜುಗಳಿಗೆ ನಾವೇ ಹೋಗಿ ಹೇಳೋಣ ಎಂದು ನಾವು ಕೆಲವರು ಸೇರಿ ಹೊರಟೆವು. ಕಾರ್ಕಳ, ಕುಂದಾಪುರ, ಪುತ್ತೂರು, ಬೆಳ್ತಂಗಡಿ, ಬಸ್ಸು ಹೋಗುವ ಕಡೆಗೆಲ್ಲ.

ಸ್ಕಾಲರ್‌ಶಿಪ್ಪುಗಳ ಪಟ್ಟಿ ಓದಿ ಹೇಳಿದರೆ ಯಾರ ತಲೆಗೂ ಹೋಗುವುದಿಲ್ಲ. ಮೊದಲು ಗಣಿತ ಮಾಡಬೇಕು. ನಾನು ಚೆನ್ನೆಮಣೆ ತೆಗೆದುಕೊಂಡು ಹೋಗುತ್ತೇನೆ. ಏಳೇಳರ ಎರಡು ಸಾಲು, ಹದಿನಾಲ್ಕು ಗುಳಿ, ಒಂದೊಂದರಲ್ಲಿ ಆಟದ ಕಾಯಿಯಾಗಿ ನಾಲ್ಕು ಮಂಜೊಟ್ಟಿ ಬೀಜ, ಒಟ್ಟು 56. ಮಳೆಗಾಲದ ಆಟಿ ತಿಂಗಳಲ್ಲಿ ಅಜ್ಜಿಯ ಜೊತೆ ಆಡಿದವರು ಪ್ರತಿ ತರಗತಿಯಲ್ಲೂ ಸಿಗುತ್ತಾರೆ. ನಿಯಮವನ್ನು ಮಾತ್ರ ಬದಲಿಸುತ್ತೇನೆ: ಕಾಯಿ ಗೆಲ್ಲುವುದಿಲ್ಲ. ಒಂದು ಗುಳಿಯ ಕಾಯಿಗಳನ್ನೆಲ್ಲ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದೇ ಹಾಕುತ್ತಾ ಹೋಗಬೇಕು. ಕೊನೆಯ ಕಾಯಿ ಎಲ್ಲಿ ಬಿತ್ತೋ ಆ ಗುಳಿಯಿಂದಲೇ ಮತ್ತೆ ಎತ್ತಬೇಕು. ಹೀಗೆ ಆಡುತ್ತಲೇ ಇದ್ದರೆ ಎಲ್ಲ ಗುಳಿಯಲ್ಲೂ ನಾಲ್ಕು ನಾಲ್ಕು ಕಾಯಿ ಇರುವ ಸ್ಥಿತಿ ಮತ್ತೆ ಬಂದೀತೇ?

‘ಬರಲಿಕ್ಕಿಲ್ಲ’ ಎನ್ನುವವರೇ ಹೆಚ್ಚು. ಕುಂದಾಪುರದ ಕಡೆ ಒಬ್ಬಳು ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಿಂದೆ ಆಡ್ಲಿಕ್ಕೆ ಆಗ್ತದಾ?’ ಎಂದು ಕೇಳಿದಳು. ಕೀಲಿ ಇರುವುದೇ ಅಲ್ಲಿ. ಕೊನೆಯ ಕಾಯಿ ಬಿದ್ದ ಗುಳಿಯಿಂದ ಹಿಂದಕ್ಕೆ ಒಂದೊಂದೇ ಕಾಯಿ ಹೆಕ್ಕುತ್ತಾ ಬಂದರೆ ಮೊದಲು ಸಿಗುವ ಖಾಲಿ ಗುಳಿಯೇ ಹೊರಟ ಗುಳಿ. ಅಂದರೆ ಕೊನೆಯ ಕಾಯಿ ಬಿದ್ದ ಗುಳಿಯನ್ನೂ ಸೇರಿಸಿ ನೋಡಿದರೆ, ಪ್ರತಿ ಸ್ಥಿತಿಗೂ ಹಿಂದಿನ ಸ್ಥಿತಿ ಒಂದೇ ಒಂದು. ಸ್ಥಿತಿಗಳ ಸಂಖ್ಯೆಗೂ ಮಿತಿ ಇದೆ. ಹಾಗಾಗಿ ಯಾವುದೋ ಒಂದು ಸ್ಥಿತಿ ಎರಡನೇ ಸಲ ಬರಲೇಬೇಕು, ಹಿಂದಕ್ಕೆ ಆಡುತ್ತಾ ಬಂದರೆ ಮೊದಲಿನದೂ ಎರಡನೇ ಸಲ ಬಂದಿರಲೇಬೇಕು. ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಒನ್-ಒನ್ ಫಂಕ್ಷನ್, ಅಂದರೆ ಬೇರೆ ಬೇರೆ ಬೆಲೆಗೆ ಬೇರೆ ಬೇರೆ ಉತ್ತರವನ್ನೇ ಕೊಡುವ ಫಂಕ್ಷನ್, ಇಲ್ಲಿ ಕೆಲಸಕ್ಕೆ ಬಂತು. ಮಾತೆಲ್ಲ ನಡೆದದ್ದು ಕನ್ನಡದಲ್ಲಿ, ನಡುನಡುವೆ ತುಳುವಿನಲ್ಲಿ. ಇಂಗ್ಲಿಷಿನಲ್ಲಿ ಕೇಳಿದ್ದರೆ ಅರ್ಧಕ್ಕರ್ಧ ಮಕ್ಕಳು ಬಾಯಿಯೇ ಬಿಡುತ್ತಿರಲಿಲ್ಲ.

ಮಾಹಿತಿಯ ಮಾತು ಇದಾದ ಮೇಲೆ. ನಾನು ಎಲ್ಲಕ್ಕಿಂತ ಮೊದಲು ಹೇಳುವುದು ಎಂಟಿಟಿಎಸ್, ಅಂದರೆ ಮ್ಯಾಥಮೆಟಿಕ್ಸ್ ಟ್ರೈನಿಂಗ್ ಆ್ಯಂಡ್ ಟ್ಯಾಲೆಂಟ್ ಸರ್ಚ್. 1993ರಲ್ಲಿ ಶುರುವಾದ ಈ ಬೇಸಿಗೆ ಶಿಬಿರದಲ್ಲಿ ನೋಟ್ಸ್ ಬರೆಸುವುದಿಲ್ಲ, ವಿದ್ಯಾರ್ಥಿಯನ್ನೇ ಬೋರ್ಡಿನ ಮುಂದೆ ನಿಲ್ಲಿಸಿ ‘ಯಾಕೆ?’ ಎಂದು ಕೇಳುತ್ತಾರೆ. ಊಟ, ವಸತಿ ಅವರದೇ. ಕೇರಳದ ಹಳೆಯ ಕಾಲದ ಗಣಿತಜ್ಞ ಸಂಗಮಗ್ರಾಮದ ಮಾಧವನ ಹೆಸರಿನ ಮಾಧವ ಗಣಿತ ಸ್ಪರ್ಧೆ ಡಿಗ್ರಿ ಮಕ್ಕಳಿಗೆಂದೇ ಇದೆ. ಗೆಲ್ಲದಿದ್ದರೂ ಪರವಾಗಿಲ್ಲ, ಅದರ ಹಳೆಯ ಪ್ರಶ್ನೆಗಳನ್ನು ಬಿಡಿಸಲೇಬೇಕು. ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಫೆಲೋಶಿಪ್ಪಿನಲ್ಲಿ ಎರಡು ತಿಂಗಳು ಒಬ್ಬ ಸಂಶೋಧಕರ ಜೊತೆ ಕೆಲಸ ಮಾಡಬಹುದು. ಐಐಟಿಗಳ ಎಂಎಸ್ಸಿಗೂ ಬೆಂಗಳೂರಿನ ಐಐಎಸ್ಸಿಯ ಇಂಟಿಗ್ರೇಟೆಡ್ ಪಿಎಚ್‌ಡಿಗೂ ಜ್ಯಾಮ್ (JAM) ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಬೇಸಿಗೆ ಎಂದರೆ ಏಪ್ರಿಲ್‌ನಲ್ಲಿ ನೋಡಿದರಾಯಿತು ಎಂದುಕೊಳ್ಳುತ್ತಾರೆ. ಅಷ್ಟರಲ್ಲಿ ಅರ್ಜಿಯ ಬಾಗಿಲು ಹಾಕಿರುತ್ತದೆ. ಅದಕ್ಕೇ ನಮ್ಮ ಭೇಟಿಯನ್ನು ದೀಪಾವಳಿಗೆ ಮೊದಲೇ ಇಟ್ಟುಕೊಳ್ಳುತ್ತೇವೆ.

ಕೆಲಸ ಕಷ್ಟವಾಗುವುದು ಅರ್ಜಿ ಹಾಕುವ ಹಂತದಲ್ಲಿ. ‘ನಿನಗೆ ಗಣಿತ ಯಾಕೆ ಇಷ್ಟ’ ಎಂದು ಬರೆಯುವ ಕಡೆ ಎಲ್ಲರೂ ಎಲ್ಲಿಂದಲೋ ಎತ್ತಿದ ಒಂದೇ ವಾಕ್ಯ ಬರೆಯುತ್ತಾರೆ. ನಾನು ಪಕ್ಕದಲ್ಲೇ ಕುಳಿತು, ನೀನಾಗಿ ಬಿಡಿಸಿದ ಒಂದು ಲೆಕ್ಕದ ಬಗ್ಗೆ ಮೊದಲು ಕನ್ನಡದಲ್ಲೇ ಬರೆ, ಆಮೇಲೆ ಇಂಗ್ಲಿಷಿಗೆ ತಿರುಗಿಸೋಣ ಎನ್ನುತ್ತೇನೆ. ಆಗ ಅರ್ಜಿಗೆ ಜೀವ ಬರುತ್ತದೆ. ಆಯ್ಕೆಯಾದ ಹೆಣ್ಣುಮಕ್ಕಳ ಮನೆಗೆ ಫೋನು ಮಾಡುವುದೂ ಇದೇ ಕೆಲಸದ ಭಾಗ. ‘ಅಷ್ಟು ದಿನ ಪರವೂರಿನಲ್ಲಿ ಒಬ್ಬಳೇ ಹೇಗೆ ಮೇಡಂ?’ ಎನ್ನುವ ಅಮ್ಮಂದಿರ ಆತಂಕ ಸುಳ್ಳಲ್ಲ. ಹಾಸ್ಟೆಲ್ ಎಲ್ಲಿ, ರೈಲು ಯಾವುದು, ಜೊತೆಗೆ ಯಾರಿದ್ದಾರೆ ಎಂದು ಒಂದೊಂದಾಗಿ ಹೇಳುತ್ತೇನೆ. ಈಗಾಗಲೇ ಹೋಗಿ ಬಂದ ಹುಡುಗಿಯ ತಾಯಿಯ ಕೈಯಲ್ಲಿ ಮಾತಾಡಿಸಿದರೆ ಒಪ್ಪುವವರೇ ಹೆಚ್ಚು.

ಕಾಲೇಜಿನ ಅಧ್ಯಾಪಕ ಮಿತ್ರರಲ್ಲಿ ನನ್ನದೊಂದು ಬೇಡಿಕೆ ಇದೆ. ಶಿಫಾರಸು ಪತ್ರದಲ್ಲಿ ‘ಒಳ್ಳೆಯ ವಿದ್ಯಾರ್ಥಿ, ಶಿಸ್ತಿನವನು’ ಎಂದಷ್ಟೇ ಬರೆದು ಸಹಿ ಹಾಕಬೇಡಿ. ಆ ಹುಡುಗ ತರಗತಿಯಲ್ಲಿ ಕೇಳಿದ ಒಂದು ಪ್ರಶ್ನೆಯನ್ನು ಬರೆಯಿರಿ. ಅದನ್ನು ನಿಮ್ಮನ್ನು ಬಿಟ್ಟು ಬೇರೆ ಯಾರೂ ಬರೆಯಲಾರರು.