ಪ್ರತ್ಯಯ ನುಂಗುವ ಮಕ್ಕಳಿಗೆ ನಾನು ಕಲಿಸುವ ರೀತಿ

ಕಿವಿ ಸರಿಯಿದೆ, ಬುದ್ಧಿ ಚುರುಕು, ಆದರೆ ಐದು ವರ್ಷವಾದರೂ ವಾಕ್ಯ ಕೂಡಿಬರುವುದಿಲ್ಲ, ಪದದ ಕೊನೆಗೆ ಸೇರುವ ಪ್ರತ್ಯಯಗಳು (-ಅನ್ನು, -ಗೆ ಥರದವು) ಬಿಟ್ಟುಹೋಗುತ್ತವೆ. ಇಂಥ ಮಗುವನ್ನು ಮಾತಿನ ಚಿಕಿತ್ಸಕಿಯಾದ ನನ್ನ ಬಳಿ ಕರೆತಂದ ಬೆಂಗಳೂರಿನ ತಾಯ್ತಂದೆ "ಮನೇಲಿ ತೆಲುಗು ಬಿಟ್ಬಿಡೋಣ್ವಾ ಮೇಡಂ?" ಅಂತ ಕೇಳುತ್ತಾರೆ. ಬೇಡವೇ ಬೇಡ. ಎರಡು ಭಾಷೆ ಆಡುವುದರಿಂದ ಈ ತೊಂದರೆ ಬರುವುದಿಲ್ಲ. ಆದರೆ ಮನೆಮಾತು ಯಾವುದೆಂದು ನನಗೆ ಗೊತ್ತಿರಬೇಕು. ತೆಲುಗಿನ ಏಕವಚನದಲ್ಲಿ ಹೆಂಗಸಿಗೂ ವಸ್ತುವಿಗೂ ಕ್ರಿಯಾಪದದ ಕೊನೆ ಒಂದೇ. ತೆಲುಗು ಮನೆಯ ಮಗು "ಅಕ್ಕ ಬಂತು" ಎಂದರೆ ಅದು ದೋಷದ ಲೆಕ್ಕಕ್ಕೆ ಬರದು.

ಆಟವಾಡಿಸುತ್ತಾ ಮಾತು ರೆಕಾರ್ಡ್ ಮಾಡಿ, ಸುಮಾರು 50 ವಾಕ್ಯ ಬರೆದುಕೊಳ್ಳುತ್ತೇನೆ. ಪ್ರತ್ಯಯ ಬೇಕೇ ಬೇಕಾದ ಕಡೆ ಮಗು ಎಷ್ಟು ಸಲ ಹಾಕಿತು ಎಂದು ಎಣಿಸುತ್ತೇನೆ. "ಪುಸ್ತಕ ಕೊಡು" ಒಳ್ಳೆಯ ಕನ್ನಡವೇ (ವಸ್ತುವಿಗೆ "-ಅನ್ನು" ಬಿಟ್ಟರೂ ನಡೆಯುತ್ತದೆ), ಅದನ್ನು ತಪ್ಪೆಂದು ಗುರುತು ಹಾಕಬಾರದು. "ಪಾಪು ಎತ್ಕೋ" ಮಾತ್ರ ತಪ್ಪು, "ಪಾಪೂನ" ಆಗಬೇಕು. "ನಂಗೆ" ಸರಿಯಾಗಿ ಬಂದರೂ ನಂಬುವುದಿಲ್ಲ, ಅದು ಇಡಿಯಾಗಿ ಬಾಯಿಪಾಠವಾಗಿರಬಹುದು. ಅದೇ "-ಗೆ" ಬೇರೆ ಪದಕ್ಕೂ ಸೇರಿ "ಗೊಂಬೆಗೆ ಹಸಿವಾಯ್ತು" ಬರುತ್ತದೆಯೇ ನೋಡುತ್ತೇನೆ.

ಆಮೇಲೆ ಒಂದೇ ಒಂದು ಪ್ರತ್ಯಯ ಹಿಡಿಯುತ್ತೇನೆ. ದ್ವಿತೀಯೆಗೆ ("-ಅನ್ನು", ಆಡುಮಾತಿನಲ್ಲಿ "-ಅನ್ನ", "-ನ") ಆಟಿಕೆ ನಾಯಿ, ಬೆಕ್ಕು ಸಾಕು. ಇಬ್ಬರೂ ಓಡಿಸಬಲ್ಲವರು, ಹಾಗಾಗಿ ಯಾರು ಯಾರನ್ನು ಎಂಬುದನ್ನು ಪ್ರತ್ಯಯವೇ ಹೇಳಬೇಕು. ಮಗು "ನಾಯಿ ಬೆಕ್ಕು ಓಡಿಸ್ತು" ಎಂದ ತಕ್ಷಣ "ಹೌದು, ನಾಯಿ ಬೆಕ್ಕನ್ನ ಓಡಿಸ್ತು" ಎನ್ನುತ್ತೇನೆ. "ನೀನೂ ಹೇಳು" ಎನ್ನುವುದಿಲ್ಲ. ಆಡುಮಾತಿನ ರೂಪವನ್ನೇ ಬಳಸುತ್ತೇನೆ. "ಬೆಕ್ಕನ್ನು ಓಡಿಸಿತು" ಎಂದು ಮನೆಯಲ್ಲಿ ಯಾರೂ ಆಡುವುದಿಲ್ಲ. ಪದದ ಕೊನೆಯನ್ನು ನುಂಗಬಾರದು, ರಾಗವಾಗಿ ಎಳೆಯಲೂಬಾರದು.

ಕ್ರಿಯಾಪದ ಬದಲಾಗುತ್ತಲೇ ಇರಬೇಕು: ನೂಕು, ಎಬ್ಬಿಸು, ನೆಕ್ಕು, ಹಿಡಿ, ಹೆದರಿಸು. ಸಂಶೋಧಕಿ ಎಲೆನಾ ಪ್ಲಾಂಟೆ ಮತ್ತು ಸಂಗಡಿಗರು 2014ರಲ್ಲಿ ಇಂಗ್ಲಿಷ್ ಆಡುವ ಮಕ್ಕಳಲ್ಲಿ ಕಂಡದ್ದೂ ಇದೇ. ಒಂದು ಸೆಷನ್ನಿನಲ್ಲಿ ಹೀಗೆ 24 ಸಲ ತಿದ್ದಿ ಹೇಳುವಾಗ, 12 ಕ್ರಿಯಾಪದಗಳನ್ನು ಎರಡೆರಡು ಸಲ ಬಳಸಿದ್ದಕ್ಕಿಂತ 24 ಬೇರೆಬೇರೆ ಕ್ರಿಯಾಪದಗಳು ಹೆಚ್ಚು ಫಲ ಕೊಟ್ಟವು. ಒಂದೇ ಕ್ರಿಯಾಪದವನ್ನು ಮತ್ತೆ ಮತ್ತೆ ಬಳಸಿದರೆ ಮಗು "ಬೆಕ್ಕನ್ನ ಓಡಿಸ್ತು" ಅನ್ನು ಗಂಟಾಗಿ ಕಲಿಯುತ್ತದೆ, ಪ್ರತ್ಯಯವನ್ನಲ್ಲ. "ಹೊಡಿ", "ಕಚ್ಚು" ಮೊದಲಿಗೆ ಬೇಡ. ಆಡುಮಾತಿನಲ್ಲಿ "ಬೆಕ್ಕಿಗೆ ಹೊಡೀತು" ಎಂದೂ ಬರುವುದರಿಂದ ಮಗು ಗಲಿಬಿಲಿಗೊಳ್ಳುತ್ತದೆ.

ಮನೆಯವರಿಗೂ ಇದೇ ಕೆಲಸ, ಊಟದ ಹೊತ್ತಲ್ಲಿ, ಅದೇ ಪ್ರತ್ಯಯಕ್ಕೆ ಮಾತ್ರ. "ಸರಿಯಾಗಿ ಹೇಳು" ಎಂದು ಗದರಿದರೆ ಮಗು ಒಂದೇ ಪದದಲ್ಲಿ ಉತ್ತರಿಸಿ ಪಾರಾಗಲು ಕಲಿಯುತ್ತದೆ.

ಪ್ರತ್ಯಯ ನಿಜಕ್ಕೂ ಬಂದಿದೆಯೇ ಎಂದು ತಿಳಿಯಲು ಆಟದಲ್ಲಿ ಬಳಸದ ಪ್ರಾಣಿ, ಬಳಸದ ಕ್ರಿಯಾಪದ ಕೊಟ್ಟು, ನಾನು ಮಾದರಿ ಹೇಳದೆ ಕೇಳುತ್ತೇನೆ. "ಆನೆ ಕುದುರೇನ ತಬ್ಕೊಳ್ತು" ಎಂಬಂಥ ವಾಕ್ಯ ತಾನಾಗಿ ಬರತೊಡಗಿದ ಮೇಲೆ ಮುಂದಿನ ಪ್ರತ್ಯಯ "-ಗೆ" ಶುರು.