ಅಪ್‌ಡೇಟ್ ಫೇಲ್ ಆಯ್ತಾ? ಫಾರ್ಮ್ಯಾಟ್ ಮಾಡುವ ಮುಂಚೆ ಇಷ್ಟು ಮಾಡಿ

ಮೊನ್ನೆ ಗೆಳೆಯನೊಬ್ಬ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ. ನಾಲ್ಕು ದಿನದಿಂದ ವಿಂಡೋಸ್ ಅಪ್‌ಡೇಟ್ ಆಗ್ತಾ ಇಲ್ಲ, ರಿಟ್ರೈ ಒತ್ತಿ ಒತ್ತಿ ಸಾಕಾಯ್ತು, ಫಾರ್ಮ್ಯಾಟ್ ಮಾಡಿಕೊಡು ಅಂದ. ಎರರ್ ಕೋಡ್ ಏನು ಬಂತು ಅಂತ ಕೇಳಿದೆ. ನೋಡೇ ಇಲ್ಲ. ಬಹಳ ಜನ ಎಡವುವುದು ಇಲ್ಲೇ.

ಮೊದಲು ಕೋಡ್ ಬರೆದುಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್, ಅದರೊಳಗೆ ಅಪ್‌ಡೇಟ್ ಹಿಸ್ಟರಿ ತೆರೆದರೆ ಯಾವ ಕೆಬಿ ಸಂಖ್ಯೆಯದು (ಪ್ರತಿ ಅಪ್‌ಡೇಟ್‌ಗೂ ಮೈಕ್ರೋಸಾಫ್ಟ್ ಕೊಡುವ ಗುರುತಿನ ಸಂಖ್ಯೆ) ಫೇಲ್ ಆಗಿದೆ, ಯಾಕೆ ಆಗಿದೆ ಅಂತ ಸಿಗುತ್ತದೆ. ಕೋಡ್‌ನ ಕೊನೆಯಲ್ಲಿ 80070070 ಇದ್ದರೆ ಡಿಸ್ಕ್‌ನಲ್ಲಿ ಜಾಗ ಸಾಲುತ್ತಿಲ್ಲ. ಕೋಡ್‌ನ ಶುರುವಿನಲ್ಲಿ ಸಿ1900101 ಇದ್ದರೆ ಸಾಮಾನ್ಯವಾಗಿ ಡ್ರೈವರ್, ಅಂದರೆ ಹಾರ್ಡ್‌ವೇರ್ ನಡೆಸುವ ಸಾಫ್ಟ್‌ವೇರ್‌ನ ತೊಂದರೆ. 80073712 ಅಂದರೆ ವಿಂಡೋಸ್‌ನ ಒಳಗಿನ ಫೈಲ್‌ಗಳೇ ಕೆಟ್ಟಿವೆ. 2024ರ ಜನವರಿಯಲ್ಲಿ ವಿಂಡೋಸ್ 10ಕ್ಕೆ ಬಂದ ಕೆಬಿ5034441 ಎಷ್ಟೋ ಕಂಪ್ಯೂಟರ್‌ಗಳಲ್ಲಿ 80070643 ಅಂತ ಹೇಳಿ ನಿಂತುಹೋಯ್ತು. ಕಾರಣ, ರಿಕವರಿ ಪಾರ್ಟಿಷನ್‌ನಲ್ಲಿ (ವಿಂಡೋಸ್ ಕೆಟ್ಟರೆ ಸರಿ ಮಾಡಲು ಡಿಸ್ಕ್‌ನಲ್ಲಿ ಮೀಸಲಿಟ್ಟ ಭಾಗ) ಅದಕ್ಕೆ 250 ಎಂಬಿ ಖಾಲಿ ಜಾಗ ಬೇಕಿತ್ತು. ಅಂಥದ್ದಕ್ಕೆ ರಿಟ್ರೈ ನೂರು ಸಲ ಒತ್ತಿದರೂ ಏನೂ ಆಗಲ್ಲ, ಅಲ್ವಾ?

ಬದಲಾವಣೆಗಳನ್ನು ಹಿಂದಕ್ಕೆ ತೆಗೆಯುತ್ತಿದ್ದೇನೆ, ಕಂಪ್ಯೂಟರ್ ಆಫ್ ಮಾಡಬೇಡಿ ಅಂತ ಪರದೆ ಮೇಲೆ ಬಂದರೆ ದಯವಿಟ್ಟು ಮುಟ್ಟಬೇಡಿ. ಡಿಸ್ಕ್ ಲೈಟ್ ಇರುವ ಕಂಪ್ಯೂಟರ್ ಆದರೆ ಅದನ್ನೇ ಗಮನಿಸಿ. ಅದು ಮಿನುಗುತ್ತಿದ್ದರೆ ಕೆಲಸ ನಡೆಯುತ್ತಿದೆ ಅಂತ ಅರ್ಥ. ಪವರ್ ಬಟನ್ ಒತ್ತಿ ಹಿಡಿದವರ ಕಂಪ್ಯೂಟರ್‌ಗಳು ಆಮೇಲೆ ಬೂಟ್ ಆಗದೇ ಇದ್ದಿದ್ದನ್ನು ನಾನು ನೋಡಿದ್ದೇನೆ.

ಸುಲಭದ್ದು ಮೊದಲು: ರೀಸ್ಟಾರ್ಟ್ ಮಾಡಿ, ಪೆನ್‌ಡ್ರೈವ್ ಮತ್ತು ಹೊರಗಿನ ಡಿಸ್ಕ್ ಕಿತ್ತುಹಾಕಿ, ದಿನಾಂಕ ಸಮಯ ಸರಿ ಇದೆಯಾ ನೋಡಿ, ಸಿ ಡ್ರೈವ್‌ನಲ್ಲಿ 20 ಜಿಬಿಯಾದರೂ ಖಾಲಿ ಮಾಡಿ.

ಇಷ್ಟಕ್ಕೂ ಬಗ್ಗದಿದ್ದರೆ ವಿಂಡೋಸ್ ತನ್ನ ಅಪ್‌ಡೇಟ್‌ಗಳನ್ನು ಇಳಿಸಿಡುವ ಫೋಲ್ಡರ್ ಹೊಸದಾಗಿಸಬೇಕು. ಅರ್ಧಂಬರ್ಧ ಇಳಿದ ಫೈಲ್‌ಗಳು ಅಲ್ಲೇ ಕೂತಿರುತ್ತವೆ, ವಿಂಡೋಸ್ ಅವನ್ನೇ ಮತ್ತೆ ಮತ್ತೆ ಬಳಸಲು ನೋಡುತ್ತದೆ. ಜಾಸ್ತಿ ಜನ ಕೆಡಿಸಿಕೊಳ್ಳುವ ಹಂತವೂ ಇದೇ, ಆದ್ದರಿಂದ ನಿಧಾನವಾಗಿ ಮಾಡಿ. ಮೊದಲು ಇಂಟರ್ನೆಟ್ ಆಫ್ ಮಾಡಿ, ಸೆಟ್ಟಿಂಗ್ಸ್ ಕಿಟಕಿ ಮುಚ್ಚಿ. ಅಪ್‌ಡೇಟ್ ಪುಟ ತೆರೆದೇ ಇದ್ದರೆ ನೀವು ಈಗ ನಿಲ್ಲಿಸಲಿರುವ ಸರ್ವೀಸ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ತಾನಾಗಿಯೇ ಮತ್ತೆ ಎದ್ದು ಕೂರಬಹುದು. ಈಗ ಸ್ಟಾರ್ಟ್ ಮೆನುವಿನಲ್ಲಿ ಸರ್ವೀಸಸ್ ಅಂತ ಹುಡುಕಿ, ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಪಟ್ಟಿಯಲ್ಲಿ ವಿಂಡೋಸ್ ಅಪ್‌ಡೇಟ್ ಇರುತ್ತದೆ, ಬ್ಯಾಕ್‌ಗ್ರೌಂಡ್ ಇಂಟೆಲಿಜೆಂಟ್ ಟ್ರಾನ್ಸ್‌ಫರ್ ಸರ್ವೀಸ್ ಇರುತ್ತದೆ, ಎರಡನ್ನೂ ಸ್ಟಾಪ್ ಮಾಡಿ. ತಡ ಮಾಡದೆ ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್‌ಗೆ ಹೋಗಿ, ಸಾಫ್ಟ್‌ವೇರ್‌ಡಿಸ್ಟ್ರಿಬ್ಯೂಷನ್ ಅನ್ನುವ ಫೋಲ್ಡರ್‌ನ ಹೆಸರಿನ ಕೊನೆಗೆ ಓಲ್ಡ್ ಅಂತ ಸೇರಿಸಿ. ಅಳಿಸಬೇಡಿ, ಹೆಸರು ಮಾತ್ರ ಬದಲಿಸಿ. ಫೋಲ್ಡರ್ ಬಳಕೆಯಲ್ಲಿದೆ ಅಂತ ಹಟ ಮಾಡಿದರೆ ಸರ್ವೀಸ್ ಮತ್ತೆ ಎದ್ದಿದೆ ಅಂತ ಅರ್ಥ. ವಾಪಸ್ ಹೋಗಿ ನಿಲ್ಲಿಸಿ, ಕೂಡಲೇ ಹೆಸರು ಬದಲಿಸಿ. ಆಮೇಲೆ ರೀಸ್ಟಾರ್ಟ್ ಮಾಡಿ, ಇಂಟರ್ನೆಟ್ ಆನ್ ಮಾಡಿ, ಅಪ್‌ಡೇಟ್ ಹುಡುಕಲು ಹೇಳಿ. ಫೋಲ್ಡರ್ ಹೊಸದಾಗಿ ತಾನೇ ಹುಟ್ಟುತ್ತದೆ. ಅಪ್‌ಡೇಟ್ ಹಿಸ್ಟರಿ ಖಾಲಿ ಕಂಡರೆ ಗಾಬರಿ ಬೇಡ. ಪಟ್ಟಿ ಮಾತ್ರ ಹೋಗಿರುತ್ತದೆ, ಹಿಂದೆ ಹಾಕಿದ ಅಪ್‌ಡೇಟ್‌ಗಳು ಹಾಗೇ ಇರುತ್ತವೆ.

ಒಂದೇ ಕ್ಲಿಕ್‌ನಲ್ಲಿ ಎಲ್ಲ ಸರಿ ಮಾಡ್ತೀವಿ ಅನ್ನುವ ರಿಜಿಸ್ಟ್ರಿ ಕ್ಲೀನರ್, ಡ್ರೈವರ್ ಅಪ್‌ಡೇಟರ್‌ಗಳನ್ನು ಮಾತ್ರ ಹಾಕಿಕೊಳ್ಳಬೇಡಿ. ಗೆಳೆಯನ ಲ್ಯಾಪ್‌ಟಾಪ್‌ನಲ್ಲಿ ಅಂಥವು ಎರಡಿದ್ದವು, ಒಂದು ತಪ್ಪು ವೈಫೈ ಡ್ರೈವರ್ ತುಂಬಿಸಿತ್ತು. ಡ್ರೈವರ್ ಬೇಕಿದ್ದರೆ ಕಂಪ್ಯೂಟರ್ ತಯಾರಿಸಿದ ಕಂಪನಿಯ ವೆಬ್‌ಸೈಟ್‌ನಿಂದಲೇ ತನ್ನಿ. ಬೇರೆ ಕಂಪನಿಯ ಆ್ಯಂಟಿವೈರಸ್ ಇದ್ದರೆ ಅಪ್‌ಡೇಟ್ ಮುಗಿಯುವವರೆಗೆ ಅನ್‌ಇನ್‌ಸ್ಟಾಲ್ ಮಾಡಿ. ಸುಮ್ನೆ ಡಿಸೇಬಲ್ ಮಾಡಿದರೆ ಎಷ್ಟೋ ಸಲ ಸಾಲುವುದಿಲ್ಲ.

ಇನ್ನೂ ಆಗದಿದ್ದರೆ ಕಮಾಂಡ್ ಪ್ರಾಂಪ್ಟ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ವಿಂಡೋಸ್‌ನದ್ದೇ ಎರಡು ರಿಪೇರಿ ಕಮಾಂಡ್ ಓಡಿಸಿ: ಮೊದಲು ಡಿಸ್ಮ್‌ನ ರಿಸ್ಟೋರ್‌ಹೆಲ್ತ್, ಆಮೇಲೆ ಕೆಟ್ಟ ಸಿಸ್ಟಂ ಫೈಲ್‌ಗಳನ್ನು ಬದಲಿಸುವ ಎಸ್‌ಎಫ್‌ಸಿ ಸ್ಕ್ಯಾನ್‌ನೌ. ಕ್ರಮ ಮುಖ್ಯ, ಯಾಕಂದ್ರೆ ಎಸ್‌ಎಫ್‌ಸಿ ಒಳ್ಳೆಯ ಫೈಲ್ ತೆಗೆದುಕೊಳ್ಳುವ ಸಂಗ್ರಹವನ್ನು ಸರಿ ಮಾಡುವುದೇ ಡಿಸ್ಮ್. ಇದಕ್ಕೆ ಇಂಟರ್ನೆಟ್ ಆನ್ ಇರಲಿ. ಕಮಾಂಡ್ ಅನ್ನು ಮೈಕ್ರೋಸಾಫ್ಟ್‌ನ ಸಹಾಯ ಪುಟದಿಂದ ಕಾಪಿ ಮಾಡಿ. ಕೈಯಲ್ಲಿ ಟೈಪ್ ಮಾಡಿದರೆ ಸ್ಲ್ಯಾಶ್ ಹಿಂದಿನ ಸ್ಪೇಸ್ ಬಿಟ್ಟುಹೋಗಬಹುದು. ಡಿಸ್ಮ್ 62.3 ಶೇಕಡಾದಲ್ಲಿ ನಿಂತಂತೆ ಕಂಡರೆ ಕಾಯಿರಿ, ಅಲ್ಲಿ ತುಂಬಾ ಹೊತ್ತು ನಿಲ್ಲುವುದು ಹೊಸದೇನಲ್ಲ.

ಕೊನೆಯ ದಾರಿ ರಿಪೇರಿ ಇನ್‌ಸ್ಟಾಲ್, ಅಂದರೆ ಫೈಲ್ ಮತ್ತು ಆ್ಯಪ್‌ಗಳನ್ನು ಉಳಿಸಿಕೊಂಡೇ ವಿಂಡೋಸ್ ಮತ್ತೆ ಹಾಕುವುದು. ಬ್ಯಾಕಪ್ ತೆಗೆದುಕೊಂಡು, ಮೈಕ್ರೋಸಾಫ್ಟ್‌ನಿಂದ ನಿಮ್ಮ ವಿಂಡೋಸ್ ಇರುವ ಭಾಷೆಯದೇ ಐಎಸ್‌ಒ (ಇನ್‌ಸ್ಟಾಲ್‌ಗೆ ಬೇಕಾದ್ದೆಲ್ಲ ಇರುವ ಒಂದೇ ಫೈಲ್) ಇಳಿಸಿ, ಓಡುತ್ತಿರುವ ವಿಂಡೋಸ್ ಒಳಗಿನಿಂದಲೇ ಸೆಟಪ್ ತೆರೆಯಿರಿ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದರೆ ಫೈಲ್ ಮತ್ತು ಆ್ಯಪ್‌ಗಳನ್ನು ಉಳಿಸಿಕೊಳ್ಳಲು ಆಗುವುದಿಲ್ಲ. ಗೆಳೆಯನ ಲ್ಯಾಪ್‌ಟಾಪ್‌ಗೆ ಇಷ್ಟು ದೂರ ಬರಬೇಕಾಗಲಿಲ್ಲ, ಫೋಲ್ಡರ್ ಹೊಸದಾದ ಮೇಲೆ ಅಪ್‌ಡೇಟ್ ಇಳಿಯಿತು. ಒಂದು ವಾರ ತೊಂದರೆಯಿಲ್ಲದೆ ಓಡಿದ ಮೇಲೆ ಆ ಓಲ್ಡ್ ಫೋಲ್ಡರ್ ಅಳಿಸಿಬಿಡು ಅಂತ ಅವನಿಗೆ ಹೇಳಿದ್ದೇನೆ.